ಮೊಮ್ಮಗಳ ‘ಬಂದ್ಹೋಗ್ತೀನಿ’

ಮೊಮ್ಮಗ ಹುಟ್ಟಿದನೆಂದು ನೈರೋಬಿಗೆ ಹೋದವನು ನಾನು. ಊರಿಗೆ ಮರಳಿದ ಮೇಲೂ ನನ್ನ ಕಾಲು ನೆಲದ ಮೇಲೆ ನಿಲ್ಲದಿರುವುದು ಮಾತ್ರ ಮೊಮ್ಮಗಳಿಂದ. ನಾಲ್ಕನೇ ಕ್ಲಾಸಿಗೆ ಓದು ಬಿಟ್ಟು ಅಪ್ಪನ ಹಿಟ್ಟಿನ ಗಿರಣಿಯಲ್ಲಿ ನಿಂತವನಿಗೆ ಬರೆಯುವ ಅಭ್ಯಾಸ ಎಲ್ಲಿಂದ ಬರಬೇಕು. ಗಿರಣಿಯ ಸದ್ದಿನ ಮೇಲೆ ಕೂಗಿ ಮಾತಾಡಿದ್ದೇ ಜೀವನವೆಲ್ಲ. ಆದರೂ ಇದನ್ನು ಬರೆಯದೆ ಇರಲಾರೆ. ಎದುರು ಸಿಕ್ಕವರಿಗೆಲ್ಲ ಹೇಳಿ ಆಯಿತು. ಈಗ ನನ್ನನ್ನು ದೂರದಿಂದ ಕಂಡರೆ ಬೀದಿಯವರು ಆ ಬದಿಗೆ ದಾಟಿಕೊಳ್ಳುತ್ತಾರೆ ಎಂದು ನನ್ನ ಹೆಂಡತಿ ಹೇಳುತ್ತಾಳೆ. ದಾಟಿಕೊಳ್ಳಲಿ. ಕಾಗದ ದಾಟಿಕೊಂಡು ಹೋಗುವುದಿಲ್ಲವಲ್ಲ.

ಮಗಳು ಅಲ್ಲಿ ಆಸ್ಪತ್ರೆಯಲ್ಲಿ ಡಾಕ್ಟರು, ಅಳಿಯ ಬ್ಯಾಂಕಿನಲ್ಲಿ. ಪಾರ್ಕ್‌ಲ್ಯಾಂಡ್ಸ್ ಅನ್ನುವ ಕಡೆ ಐದನೇ ಮಹಡಿಯಲ್ಲಿ ಮನೆ. ಬೆಳಿಗ್ಗೆ ಎದ್ದರೆ ಪಕ್ಕದ ಬೀದಿಯ ದೇವಸ್ಥಾನದ ಗಂಟೆ ಕೇಳುತ್ತದೆ, ಅದರ ಹಿಂದೆಯೇ ಮಟಾಟು ವ್ಯಾನುಗಳ ಹಾರ್ನು. ಬಾಣಂತನಕ್ಕೆಂದು ಹೋದ ನನ್ನ ಹೆಂಡತಿ ಇಳಿದ ದಿನವೇ ಮನೆಯನ್ನು ವಶಕ್ಕೆ ತೆಗೆದುಕೊಂಡಳು. ಎಣ್ಣೆ, ನೀರು, ಸಾಂಬ್ರಾಣಿ ಹೊಗೆ, ಪಥ್ಯದ ಸಾರು. ಹೆರಿಗೆ ಮಾಡಿಸುವ ಡಾಕ್ಟರಾದ ನನ್ನ ಮಗಳು ತಲೆಗೆ ಬಟ್ಟೆ ಕಟ್ಟಿಸಿಕೊಂಡು, ಕೊಟ್ಟದ್ದನ್ನು ಕುಡಿದು, ಮಲಗು ಅಂದಾಗ ಮಲಗುತ್ತಿದ್ದಳು. ಆ ಮನೆಯಲ್ಲಿ ನನಗೆ ಏನೂ ಕೆಲಸವಿರಲಿಲ್ಲ. ಹಾಗಾಗಿ ದೊಡ್ಡ ಮೊಮ್ಮಗಳನ್ನು ನನಗೆ ವಹಿಸಿದರು.

ಏಳು ವರ್ಷದ ಹುಡುಗಿ. ಹುಟ್ಟಿದ್ದು, ಬೆಳೆಯುತ್ತಿರುವುದು ಎರಡೂ ಅಲ್ಲೇ. ನಾವು ಆಡುವ ಕನ್ನಡ ಒಂದಕ್ಷರ ಬಿಡದೆ ಅವಳಿಗೆ ಅರ್ಥವಾಗುತ್ತದೆ, ಆದರೆ ಉತ್ತರ ಇಂಗ್ಲಿಷಿನಲ್ಲಿ ಬರುತ್ತದೆ. ನನಗೆ ಬರುವ ಇಂಗ್ಲಿಷ್ ಕರೆಂಟು, ಮೋಟಾರು, ಬೆಲ್ಟು, ಬಿಲ್ಲು, ಅಷ್ಟೇ. ನಾನು ಕೇಳುತ್ತೇನೆ, ಅವಳು ಹೇಳುತ್ತಾಳೆ, ಹೇಳಿದ್ದು ನನಗೆ ತಿಳಿಯುವುದಿಲ್ಲ. ಬಾವಿಗೆ ಕೊಡ ಇಳಿಸುತ್ತೇನೆ, ನೀರು ತುಂಬಿದ ಸದ್ದೂ ಕೇಳುತ್ತದೆ, ಆದರೆ ಹಗ್ಗ ಮಾತ್ರ ಕೈಗೆ ಬರುವುದಿಲ್ಲ ಅನ್ನುವ ಹಾಗೆ. ಅಲ್ಲಿ ಇದ್ದ ಮೂರು ತಿಂಗಳೂ ನನಗೆ ಇದ್ದದ್ದು ಒಂದೇ ಆಸೆ. ವಿಮಾನ ಹತ್ತುವುದರೊಳಗೆ ಈ ಹುಡುಗಿ ನನ್ನ ಜೊತೆ ನನ್ನ ಮಾತಿನಲ್ಲಿ ಒಂದು ಸಲ ಬಾಯಿ ತುಂಬ ಮಾತಾಡಬೇಕು.

ಒಂದು ಬೆಳಿಗ್ಗೆ, ರಾತ್ರಿಯೆಲ್ಲ ಮಳೆ ಸುರಿದು ಆಕಾಶ ತೊಳೆದಂತಿತ್ತು. ಒಗೆದ ಲಂಗೋಟಿಗಳನ್ನು ಹರವಲು ತಾರಸಿಗೆ ಹೋಗಿದ್ದೆ. ಕಟ್ಟಡದ ಕಾವಲುಗಾರ ನನ್ನ ಭುಜ ಮುಟ್ಟಿ ದೂರಕ್ಕೆ ಕೈ ಮಾಡಿದ. ಮನೆಗಳ ಆಚೆ, ಮರಗಳ ಆಚೆ, ಎಲ್ಲಕ್ಕಿಂತ ಆಚೆ ಒಂದು ಬೆಟ್ಟ ನಿಂತಿತ್ತು. ಮುರಿದ ಹಲ್ಲಿನಂಥ ತುದಿ, ಅದರ ಮೇಲೆ ಬೆಳ್ಳಗೆ ಏನೋ. ಹಿಮ ಅಂತೆ. ಇಷ್ಟು ಬಿಸಿಲಿನ ದೇಶದಲ್ಲಿ, ನನ್ನ ಮೊಮ್ಮಗನ ಲಂಗೋಟಿ ಒಣಗುವ ತಾರಸಿಯಿಂದಲೇ ಹಿಮ ಕಾಣುತ್ತದೆ. ಬಕೆಟ್ಟು ಅಲ್ಲೇ ಬಿಟ್ಟು ಕೆಳಗಿಳಿದೆ.

“ಇವತ್ತಿಂದ ನಂಗೂ ಒಂದು ಕೆಲಸ ಸಿಕ್ತು ಕಣಮ್ಮ,” ಎಂದೆ ಮಗಳಿಗೆ. “ಆ ಬೆಟ್ಟಕ್ಕೆ ಪುಟ್ಟಿನ ಕರ್ಕೊಂಡ್ ಹೋಗ್ತೀನಿ.”

ನನ್ನ ಹೆಂಡತಿ ಒಳಗಿನಿಂದಲೇ ಹೇಳಿದಳು. “ಎಲ್ಲಿಗಾದ್ರೂ ಹೋಗಿ. ರಾತ್ರಿ ಮಾತ್ರ ಆಚೆ ಉಳ್ಕೊಳ್ಳೋ ಹಂಗಿಲ್ಲ. ಬಾಣಂತಿ ಮನೆ. ದೀಪ ಹಚ್ಚಿ ಊಟಕ್ ಕೂರೋ ಹೊತ್ಗೆ ಎಲ್ರೂ ಒಳಗಿರ್ಬೇಕು.”

ಆ ಕಟ್ಟಳೆಯಿಂದಲೇ ನಮ್ಮ ತಿರುಗಾಟಕ್ಕೊಂದು ಲೆಕ್ಕ ಬಂತು. ಬೆಳಿಗ್ಗೆ ಹೋಗಿ ರಾತ್ರಿಯ ಊಟಕ್ಕೆ ಬರುವಂಥ ಜಾಗಗಳು ಮಾತ್ರ. ನನಗೆ ಮೊಬೈಲಿನ ನಕ್ಷೆ ತಿಳಿಯದು. ಅದಕ್ಕೆ ಮಗಳು ಊಟದ ಮೇಜಿನ ಮೇಲೆ ನೈರೋಬಿಯನ್ನು ಹರವಿದಳು. ನಡುವೆ ಮೆಣಸಿನ ಡಬ್ಬಿ, ಅದು ನಮ್ಮ ಮನೆ. ಮೇಲಕ್ಕೆ ಒಂದು ನಿಂಬೆಹಣ್ಣು, ಅದು ಬೆಟ್ಟ. ಕೆಳಕ್ಕೆ ಉಪ್ಪಿನ ಬಟ್ಟಲು.

“ಇದು ಏನು?”

“ಮಗಾಡಿ ಅಂತ ಅಪ್ಪ. ಕೆರೆ. ಪೂರ್ತಿ ಉಪ್ಪಾಗಿದೆ. ಸುತ್ತ ಮರುಭೂಮಿ ಥರಾನೇ.”

ಮೇಜಿನ ಕೊಟ್ಟ ಕೊನೆಯಲ್ಲಿ, ಇನ್ನೇನು ಬೀಳುತ್ತದೆ ಅನ್ನುವಲ್ಲಿ ಒಂದು ನೀರಿನ ಲೋಟ ಇಟ್ಟಳು. “ಇದು ಸಮುದ್ರ. ಮೊಂಬಾಸ. ಕಾರಲ್ಲಿ ಹೋದ್ರೆ ಅಮ್ಮನ ಊಟದ ಹೊತ್ಗೆ ಬರಕ್ಕಾಗಲ್ಲ. ವಿಮಾನದಲ್ಲಿ ಹೋಗ್ಬೇಕು.”

ಆಚೆ ಕುರ್ಚಿಯಲ್ಲಿ ಬಣ್ಣ ಹಚ್ಚುತ್ತ ಕುಳಿತಿದ್ದ ಮೊಮ್ಮಗಳು ಎದ್ದು ಬಂದು, ನೀರಿನ ಲೋಟವನ್ನು ಎರಡು ಕೈಯಲ್ಲಿ ಹಿಡಿದು ಮೆಣಸಿನ ಡಬ್ಬಿಯ ಪಕ್ಕಕ್ಕೇ ತಂದಿಟ್ಟಳು. ಇಟ್ಟು ನನ್ನ ಮುಖ ನೋಡಿದಳು. ಮಾತಿಲ್ಲ. ಆದರೆ ಅದು ನನಗೆ ಅರ್ಥವಾದ ಅವಳ ಮೊದಲ ಮಾತು.

ಶನಿವಾರ ಬೆಳಿಗ್ಗೆ ಬುತ್ತಿ ಕಟ್ಟಿ ಆಯಿತು. ನಿಂಬೆಹಣ್ಣಿನ ಚಿತ್ರಾನ್ನ, ಮತ್ತೆ ರಾಗಿ ರೊಟ್ಟಿ. ರಾಗಿ ಅಲ್ಲಿ ಎಲ್ಲಿ ಸಿಗುತ್ತದೆ ಎಂದು ಕೇಳಬೇಡಿ, ಅಂಗಡಿ ಅಂಗಡಿಯಲ್ಲೂ ಸಿಗುತ್ತದೆ. ವಿಂಬಿ ಅನ್ನುತ್ತಾರೆ. ಮೊದಲ ವಾರ ಅಂಗಡಿಯಲ್ಲಿ ಆ ಪೊಟ್ಟಣದ ಮೂಲೆಯಲ್ಲಿ ಸೋರಿದ್ದ ಹಿಟ್ಟನ್ನು ಬೆರಳಲ್ಲಿ ಉಜ್ಜಿ ಮೂಸಿದಾಗ ನನ್ನ ಗಿರಣಿಯೇ ಎದ್ದು ಬಂದು ಎದುರು ನಿಂತ ಹಾಗಾಗಿತ್ತು.

ಬಾಗಿಲಲ್ಲಿ ನನ್ನ ಹೆಂಡತಿ ಮೊಮ್ಮಗಳನ್ನು ತಡೆದಳು. “ಅಮ್ಮಂಗೆ ಹೇಳಿ ಹೊರಡು ಪುಟ್ಟಿ. ಬರೀ ಕೈ ಆಡಿಸಿದ್ರೆ ಆಗಲ್ಲ. ಹೋಗ್ತೀನಿ ಅಂತಲೂ ಅನ್ಬಾರ್ದು. ಹೇಗ್ ಹೇಳ್ಬೇಕು, ಗೊತ್ತಲ್ಲ?”

ಹುಡುಗಿ ತುಟಿ ಕಚ್ಚಿ ಯೋಚಿಸಿದಳು. ಕೇಳಿದ್ದಾಳೆ, ಎಷ್ಟೋ ಸಲ ಕೇಳಿದ್ದಾಳೆ. ಒಳಕೋಣೆಯ ಕಡೆ ತಿರುಗಿ, ಗಟ್ಟಿಯಾಗಿ, “ಅಮ್ಮಾ, ಬಂದ್ಹೋಗ್ತೀನಿ,” ಎಂದಳು.

ಅಳಿಯ ಕಾಫಿ ಕುಡಿಯುತ್ತಿದ್ದವನು ಲೋಟ ಕೆಳಗಿಟ್ಟು ನಕ್ಕ. ಒಳಗೆ ಮಗಳು, “ಅಯ್ಯೋ ನಗಿಸ್ಬೇಡ್ರೋ, ಹೊಟ್ಟೆ ನೋಯುತ್ತೆ,” ಎಂದು ನಗುತ್ತಿದ್ದಳು. ನನ್ನ ಹೆಂಡತಿ, “ಬಂದ್ಹೋಗಕ್ಕೆ ಇದೇನ್ ಛತ್ರವೇನೇ ಕೂಸೆ? ನೆಂಟ್ರು ಹೇಳ್ದಂಗ್ ಹೇಳ್ತೀಯಲ್ಲ,” ಎಂದು ಕೆನ್ನೆ ಹಿಂಡಿದಳು. ಎಲ್ಲರೂ ಪ್ರೀತಿಯಲ್ಲೇ ನಕ್ಕದ್ದು. ಆದರೆ ಮಗುವಿನ ಮುಖ ನೋಡಬೇಕಿತ್ತು. ಬಿಸಿ ಹಾಲಿಗೆ ಹುಳಿ ಬಿದ್ದ ಹಾಗೆ. ಇಂಗ್ಲಿಷಿನಲ್ಲಿ ಏನೋ ಒಂದು ಅಂದು, ಶೂ ಹಾಕಿಕೊಂಡು, ಲಿಫ್ಟಿಗೂ ಕಾಯದೆ ಮೆಟ್ಟಿಲಲ್ಲಿ ಇಳಿದುಹೋದಳು.

ನಾನು ಹಿಂದೆ ಹಿಂದೆ ಇಳಿದೆ. ಮನಸ್ಸಿನಲ್ಲಿ ಅಂದುಕೊಂಡೆ: ಮುಗಿಯಿತು. ತಾನಾಗಿ ಬಾಯಿ ಬಿಟ್ಟ ಮಗುವನ್ನು ನಕ್ಕು ಮುಚ್ಚಿಸಿದೆವು. ಇನ್ನು ಇವಳ ಬಾಯಲ್ಲಿ ಕನ್ನಡ ಬರಬೇಕಾದರೆ ಆ ಬೆಟ್ಟವೇ ಇಳಿದು ಬರಬೇಕು.

ಮನೆಯ ಕಾರು ಓಡಿಸುವ ಡ್ರೈವರ್ ಹಸನ್ಮುಖಿ, ನನ್ನ ಅಳಿಯನ ವಯಸ್ಸಿನವನು. ನನ್ನನ್ನು ಬಾಬು, ಬಾಬು ಎಂದು ಕರೆಯುತ್ತಿದ್ದ. ನನ್ನ ಹೆಸರು ತಪ್ಪು ತಿಳಿದುಕೊಂಡಿದ್ದಾನೆ ಎಂದು ಬಹಳ ದಿನ ಸುಮ್ಮನಿದ್ದೆ. ಆಮೇಲೆ ಗೊತ್ತಾಯಿತು, ಅವರ ಸ್ವಾಹಿಲಿಯಲ್ಲಿ ಬಾಬು ಅಂದರೆ ತಾತ. ಅವನಿಗೆ ಕನ್ನಡ ಬಾರದು, ನನಗೆ ಸ್ವಾಹಿಲಿ ಬಾರದು. ನಾನು ಕನ್ನಡದಲ್ಲಿ ಕೇಳಿದ್ದನ್ನು ಮೊಮ್ಮಗಳು ಅವನಿಗೆ ಸ್ವಾಹಿಲಿಯಲ್ಲಿ ಹೇಳುವಳು. ಅವನು ಹೇಳಿದ್ದನ್ನು ನನಗೆ ಇಂಗ್ಲಿಷಿನಲ್ಲಿ ಹೇಳುವಳು. ಅಂದರೆ ನನ್ನ ಪ್ರಶ್ನೆಗಳೆಲ್ಲ ಮುಟ್ಟುತ್ತಿದ್ದವು, ಉತ್ತರಗಳು ಒಂದೂ ಮುಟ್ಟುತ್ತಿರಲಿಲ್ಲ. ಆದರೂ ನನಗೆ ಎಂಥ ಹೆಮ್ಮೆ. ನಾನು ಅರವತ್ತು ಮುಗಿದ ಮೇಲೂ ಒಂದೇ ಭಾಷೆಯಲ್ಲಿ ತಡವರಿಸುವವನು. ಈ ಮೊಳಕೈ ಉದ್ದದ ಹುಡುಗಿ ಮೂರು ಭಾಷೆಯನ್ನು ತಟ್ಟೆಯಲ್ಲಿ ಅನ್ನ, ಸಾರು, ಪಲ್ಯ ಬಡಿಸಿದಂತೆ ಬೇರೆ ಬೇರೆಯಾಗಿ ಇಟ್ಟುಕೊಂಡಿದ್ದಾಳೆ.

ದಾರಿಯ ಚೆಲುವನ್ನು ಹೇಗೆ ಹೇಳಲಿ. ಅಗಲ ರಸ್ತೆ, ಅನಾನಸಿನ ಹೊಲಗಳು, ಕೆಮ್ಮಣ್ಣಿನ ದಿಣ್ಣೆಗಳು, ಒಂದಂಗುಲ ಬಿಡದೆ ಬೆಳೆ. ಗುದ್ದಲಿ ಹಿಡಿದ ಹೆಂಗಸರು ಕಾರಿನ ಕಡೆ ಕೈಬೀಸುವರು. ಹತ್ತಿರ ಹೋದಷ್ಟೂ ಬೆಟ್ಟ ಮಾತ್ರ ಮಾಯ. ಬುಡಕ್ಕೆ ಹೋಗಿ ನಿಂತರೆ ಬರೀ ಮೋಡ. ತಾರಸಿಯಿಂದ ಕಂಡದ್ದು ಕಾಲ ಬುಡದಿಂದ ಕಾಣುವುದಿಲ್ಲ. ನಮ್ಮ ಕಡೆ ಬೆಟ್ಟ ಅಂದರೆ ತುದಿಯಲ್ಲೊಂದು ದೇವಸ್ಥಾನ, ಮೆಟ್ಟಿಲು, ಮೆಟ್ಟಿಲಿಗೆ ಕುಂಕುಮ. ಇಲ್ಲಿ ಬೆಟ್ಟವೇ ಗರ್ಭಗುಡಿಯ ತೆರೆ ಎಳೆದುಕೊಂಡು ಕುಳಿತಿತ್ತು.

ಒಂದು ಹುಲ್ಲಿನ ದಿಬ್ಬದ ಮೇಲೆ ಬಟ್ಟೆ ಹಾಸಿ ಬುತ್ತಿ ಬಿಚ್ಚಿದೆವು. ಡ್ರೈವರ್ ರೊಟ್ಟಿಯನ್ನು ಮುರಿದು ಬಾಯಿಗಿಟ್ಟು ನಿಂತುಬಿಟ್ಟ. “ವಿಂಬಿ,” ಎಂದ. “ಹೌದಪ್ಪ, ವಿಂಬಿ,” ಎಂದೆ. ಅವನ ತಾಯಿ ಅದರಲ್ಲಿ ಗಂಜಿ ಕಾಯಿಸುತ್ತಿದ್ದಳಂತೆ, ಕೈಯಲ್ಲಿ ಕಲೆಸುವುದು, ಊದಿಕೊಂಡು ಕುಡಿಯುವುದು ಎಲ್ಲ ಮಾಡಿ ತೋರಿಸಿದ. ಬಿಸಿಲು ಇಳಿಯುವವರೆಗೆ ಕಾದೆವು. ಇನ್ನು ಹೊರಡದಿದ್ದರೆ ಊಟಕ್ಕೆ ಮನೆ ಸೇರುವುದಿಲ್ಲ ಎಂದು ಬಟ್ಟೆ ಕೊಡವುತ್ತಿದ್ದಾಗ ಮೊಮ್ಮಗಳು ನನ್ನ ಅಂಗಿ ಎಳೆದಳು. ಮೋಡ ಸೀಳಿತ್ತು. ನಾನು ನೋಡುತ್ತಿದ್ದ ಜಾಗಕ್ಕಿಂತ ಬಹಳ ಮೇಲೆ, ಆಕಾಶವೇ ಇರಬೇಕಾದ ಕಡೆ, ಕರಿಕಲ್ಲು, ಅದರ ಸಂದಿಯಲ್ಲಿ ಹಿಮ. ಬಿಸಿಲು ಬಿದ್ದು ಹೊಸ ಪಾತ್ರೆಯ ಹಾಗೆ ಹೊಳೆಯಿತು. ಕೈ ತಾನಾಗಿ ಮುಗಿಯಿತು. ಪಕ್ಕದಲ್ಲಿ ನೋಡಿದರೆ ಅವಳೂ ಮುಗಿದಿದ್ದಳು.

ಬರುವಾಗ ರಸ್ತೆ ಬದಿಯಲ್ಲಿ ಟೊಮೆಟೊ ರಾಶಿ ಹಾಕಿಕೊಂಡು ಕುಳಿತ ಹೆಂಗಸರು. ಆ ಬಣ್ಣ ನೋಡಿ ಸುಮ್ಮನೆ ಹೋಗಲು ಮನಸ್ಸಾಗಲಿಲ್ಲ. ಟೊಮೆಟೊಗೆ ಏನನ್ನುತ್ತಾರೆ ಎಂದು ಕೇಳಿದೆ. ನ್ಯಾನ್ಯಾ ಅಂದ ಡ್ರೈವರ್. ನಾನೇ ಇಳಿದು ಹೋಗಿ, ಗಿರಣಿಯ ದನಿಯಲ್ಲಿ, ಎರಡು ಬೆರಳು ಎತ್ತಿ, “ನ್ಯಾನ್ಯಾ,” ಎಂದೆ. ಅಲ್ಲಿದ್ದ ಮುದುಕಿ ತನ್ನ ಎದೆ ಮುಟ್ಟಿಕೊಂಡು, ಪಕ್ಕದ ಇನ್ನೊಬ್ಬ ಮುದುಕಿಯ ಹೆಗಲ ಮೇಲೆ ಕೈ ಹಾಕಿ, ನಾವಿಬ್ಬರೂ ಬರಬೇಕೇ ಅನ್ನುವ ಹಾಗೆ ಎದ್ದು ನಿಂತಳು. ಸುತ್ತ ಇದ್ದವರೆಲ್ಲ ನಕ್ಕರು. ಕಾರಿನೊಳಗೆ ಮೊಮ್ಮಗಳು ಸೀಟಿನ ಮೇಲೆ ಉರುಳಾಡಿ ನಗುತ್ತಿದ್ದಳು. ನನಗೆ ಏನೂ ತಿಳಿಯದೆ ನಾನೂ ನಕ್ಕೆ. ಮುದುಕಿ ಹೆಚ್ಚಿಗೆ ನಾಲ್ಕು ಹಣ್ಣು ಚೀಲಕ್ಕೆ ಹಾಕಿದಳು. “ಅಸಾಂಟೆ,” ಎಂದೆ, ಥ್ಯಾಂಕ್ಸ್ ಅನ್ನುವುದಕ್ಕೆ ಅವರ ಮಾತು.

ಮನೆಗೆ ಬಂದಾಗ ದೀಪ ಹಚ್ಚಿತ್ತು. ಹೊರಗಿನಿಂದ ಬಂದವರು ಕೈಕಾಲು ತೊಳೆದು ಸ್ವಲ್ಪ ಹೊತ್ತು ಕುಳಿತ ಮೇಲೆಯೇ ಮಗುವಿನ ಕೋಣೆಗೆ ಹೋಗಬೇಕು. ಬಚ್ಚಲ ಬಾಗಿಲ ಬಳಿ ಮಣೆಯ ಮೇಲೆ ನಾವಿಬ್ಬರೂ ಕುಳಿತಿದ್ದೆವು. ನನ್ನ ಹೆಂಡತಿ ಟೊಮೆಟೊ ಚೀಲ ಎತ್ತಿ ನೋಡಿ, “ಬೆಟ್ಟಕ್ ಹೋಗಿ ಇದನ್ ತಂದ್ರಾ,” ಎಂದಳು. ಮೊಮ್ಮಗಳಿಗೆ ನಗು ತಡೆಯಲಾಗಲಿಲ್ಲ. ಇಂಗ್ಲಿಷಿನಲ್ಲಿ ಗಡಗಡ ಹೇಳಿದಳು. ಅಜ್ಜಿಗೆ ಒಂದೂ ತಿಳಿಯಲಿಲ್ಲ. ಇನ್ನೊಂದು ಸಲ ಹೇಳಿದಳು. ಅಜ್ಜಿ, “ಏನಂತೆ ಇವಳ್ದು,” ಎಂದು ನನ್ನನ್ನು ಕೇಳಿದಳು. ಹುಡುಗಿ ಚಡಪಡಿಸಿ, ಒಂದು ಟೊಮೆಟೊ ಎತ್ತಿಕೊಂಡು ಅಜ್ಜಿಯ ಮೂಗಿನ ಮುಂದೆ ಹಿಡಿದು, “ಇದು ನ್ಯಾನ್ಯಾ,” ಎಂದಳು. ಆಮೇಲೆ ಅಜ್ಜಿಯ ಹೊಟ್ಟೆಗೆ ಬೆರಳು ಚುಚ್ಚಿ, “ಅಜ್ಜಿ... ಅಜ್ಜಿನೂ ನ್ಯಾನ್ಯಾ,” ಎಂದಳು.

ಹಾಗೆ ಗೊತ್ತಾಯಿತು. ಅವರಲ್ಲಿ ಟೊಮೆಟೊಗೂ ಅಜ್ಜಿಗೂ ಒಂದೇ ಮಾತು. ನಾನು ದಾರಿಯಲ್ಲಿ ನಿಂತು ಎರಡು ಕೆಜಿ ಅಜ್ಜಿ ಕೇಳಿದ್ದೆ.

“ಒಂದನ್ನೇ ಸಾಕಕ್ಕಾಗ್ದೋರು ಎರಡು ಕೆಜಿ ಯಾಕ್ ಕೇಳಿದ್ರಿ,” ಎಂದಳು ನನ್ನ ಹೆಂಡತಿ.

ಮೂರು ಮಾತು. ಅದೂ ಎಲ್ಲರ ಮುಂದೆ ಅಜ್ಜಿಗೆ, ನನಗಲ್ಲ. ಆದರೂ ಆ ರಾತ್ರಿ ನಾನು ಎರಡು ತುತ್ತು ಹೆಚ್ಚಾಗಿಯೇ ಉಂಡೆ.

ಮುಂದಿನ ಶನಿವಾರ ಉಪ್ಪಿನ ಬಟ್ಟಲು. ಬಾಗಿಲಲ್ಲಿ ಅಜ್ಜಿ, “ಹೇಳು,” ಎಂದಳು. ಮೊಮ್ಮಗಳು ತುಟಿ ಬಿಗಿದು ಅಮ್ಮನಿಗೆ ಕೈ ಆಡಿಸಿ ಹೊರಟುಬಿಟ್ಟಳು. ಗಾಯ ಇನ್ನೂ ಹಸಿ ಇತ್ತು. ಅವಳ ಪರವಾಗಿ ನಾನೇ, “ಹೋಗ್ಬರ್ತೀವಿ ಕಣಮ್ಮ,” ಎಂದೆ.

ಊರಂಚಿನ ಕರೆನ್ ಅನ್ನುವ ಬಡಾವಣೆಯ ದೊಡ್ಡ ದೊಡ್ಡ ತೋಟದ ಮನೆಗಳನ್ನು ದಾಟಿ, ಒಂದು ಗುಡ್ಡದ ನೆತ್ತಿಗೆ ಹೋದೆವು. ಅಲ್ಲಿಂದ ರಸ್ತೆ ಇಳಿಯಲು ಶುರುವಾದದ್ದು ನಿಲ್ಲಲೇ ಇಲ್ಲ. ಇಳಿದಂತೆ ಇಳಿದಂತೆ ಮರ ಗಿಡವಾಯಿತು, ಗಿಡ ಮುಳ್ಳಾಯಿತು. ಸ್ವೆಟರ್ ಹಾಕಿಕೊಂಡು ಮನೆ ಬಿಟ್ಟವರು ಅಂಗಿಯ ಗುಂಡಿ ಬಿಚ್ಚಿದೆವು. ಕೆಂಪು ಹೊದಿಕೆಯ ಒಬ್ಬ ಮನುಷ್ಯ ಆಡುಗಳ ಹಿಂದೆ ಒಬ್ಬನೇ ನಡೆಯುತ್ತಿದ್ದ, ಸುತ್ತ ಎಷ್ಟು ನೋಡಿದರೂ ಅವನು ಎಲ್ಲಿಂದ ಬಂದ, ಎಲ್ಲಿಗೆ ಹೋಗುತ್ತಾನೆ ತಿಳಿಯದಷ್ಟು ಬಯಲು. ಆಮೇಲೆ ಕಂಡಿತು ಕೆರೆ. ನೀರಿಲ್ಲ. ಬೆಳ್ಳಗೆ, ಅಲ್ಲಲ್ಲಿ ತಿಳಿ ಗುಲಾಬಿ ಬಣ್ಣಕ್ಕೆ ಹೆಪ್ಪುಗಟ್ಟಿದ ಉಪ್ಪು, ಕಣ್ಣು ಹೋದಷ್ಟು ದೂರ. ಗಿರಣಿಯಲ್ಲಿ ಐವತ್ತು ವರ್ಷ ಹಿಟ್ಟಿನ ನೆಲ ನೋಡಿದವನು ನಾನು. ದೇವರು ಒಂದು ದಿನ ತನ್ನ ಗಿರಣಿಯ ನೆಲ ಗುಡಿಸುವುದನ್ನು ಮರೆತುಬಿಟ್ಟಿದ್ದಾನೆ ಅನ್ನಿಸಿತು. ಒಂದು ಕಡೆ ತೆಳ್ಳನೆಯ ನೀರಿನಲ್ಲಿ ಉದ್ದ ಕಾಲಿನ ಗುಲಾಬಿ ಹಕ್ಕಿಗಳು ತಲೆ ಕೆಳಗೆ ಮಾಡಿ ನಿಂತಿದ್ದವು, ಮದುವೆಮನೆಯಲ್ಲಿ ಪಂಕ್ತಿಗೆ ಕುಳಿತವರಂತೆ ಯಾರೂ ತಲೆ ಎತ್ತುತ್ತಿರಲಿಲ್ಲ.

ಕೆರೆಯ ಒಂದು ಅಂಚಿನಲ್ಲಿ ನೆಲದಿಂದ ಬಿಸಿನೀರು ಉಕ್ಕುತ್ತದೆ. ನನಗೆ ಅಷ್ಟರಲ್ಲಿ ಇನ್ನೂ ಎರಡು ಮಾತು ಬಂದಿತ್ತು. ನೀರಿಗೆ ಮಾಜಿ ಅನ್ನುತ್ತಾರೆ. ನಮ್ಮಲ್ಲಿ ಮಾಜಿ ಅಂದರೆ ಅಧಿಕಾರ ಹೋದವರು, ಅದಕ್ಕೇ ನೆನಪಿನಲ್ಲಿ ಕೂತಿತ್ತು. ಬಿಸಿ ಅನ್ನುವುದಕ್ಕೆ ಮೋಟೊ. ಕಾಲು ಅದ್ದಿ ಚುರುಕ್ಕೆಂದಾಗ ಡ್ರೈವರ್‌ಗೆ ಹೇಳಿದೆ, “ಮಾಜಿ ಮ್ಟೋಟೊ.” ಅವನು ನಗಬಾರದೆಂದು ಟೋಪಿಯಲ್ಲಿ ಮುಖ ಮುಚ್ಚಿಕೊಂಡ. ಮ್ಟೋಟೊ ಅಂದರೆ ಮಗುವಂತೆ. ಮಗುವಿನ ನೀರು ಅಂದಿದ್ದೆ ನಾನು. ಮೊಮ್ಮಗಳು ನಕ್ಕಳು, ನಾನು ಸರಿ ಮಾಡಿಕೊಂಡು ಹೇಳಿದೆ, ಮತ್ತೆ ತಪ್ಪಿತು, ಮತ್ತೆ ನಕ್ಕರು. ಅಷ್ಟು ಹೊತ್ತಿಗೆ ಅಲ್ಲಿ ಮಣಿಸರ ಮಾರುತ್ತಿದ್ದ ಹೆಂಗಸರೂ ಸೇರಿಕೊಂಡು ಮೋಟೊ, ಮೋಟೊ ಎಂದು ನನಗೆ ಮಗ್ಗಿ ಹೇಳಿಕೊಟ್ಟರು.

ಕಾರಿನ ನೆರಳಲ್ಲಿ ಕುಳಿತು ಮೊಸರನ್ನ ತಿನ್ನುತ್ತಿದ್ದೆವು. ಒಂದು ದಾಳಿಂಬೆ ಕಾಳನ್ನು ಬೆರಳಲ್ಲಿ ಆಚೆ ಈಚೆ ತಳ್ಳುತ್ತ, ನನ್ನನ್ನು ನೋಡದೆ, ಮೊಮ್ಮಗಳು ಮೆಲ್ಲಗೆ ಕೇಳಿದಳು.

“ತಾತ. ಎವ್ರಿಬಡಿ ಲಾಫ್ ಮಾಡಿದ್ರು. ಬೇಜಾರ್ ಆಗಲ್ವಾ?”

ನನ್ನ ಕೈಯಲ್ಲಿದ್ದ ತುತ್ತು ಅಲ್ಲೇ ನಿಂತಿತು. ಈ ಮಾತು ನನಗೇ ಆಡಿದ್ದು. ಸಂಭ್ರಮ ತೋರಿಸಿದರೆ ಹಾರಿಹೋಗುತ್ತದೆ ಎಂದು ಹೆದರಿ, ಕೈಗೆ ಕುಳಿತ ಗುಬ್ಬಿಯನ್ನು ಹಿಡಿಯದ ಹಾಗೆ ಕುಳಿತೆ.

“ಬೇಜಾರ್ ಯಾಕಮ್ಮ,” ಎಂದೆ. “ನಕ್ಕೋರೇ ತಾನೆ ಸರಿ ಮಾತು ಹೇಳ್ಕೊಟ್ಟಿದ್ದು. ನಾನು ಸುಮ್ನಿದ್ದಿದ್ರೆ ಅವ್ರು ಸುಮ್ನಿರ್ತಿದ್ರು. ನಂಗೆ ಬಿಸಿನೀರಿಗೆ ಏನಂತಾರೆ ಅಂತ್ಲೇ ಗೊತ್ತಾಗ್ತಿರ್ಲಿಲ್ಲ.”

“ಇನ್ನೂ ಗೊತ್ತಿಲ್ಲ,” ಎಂದಳು. ಆಮೇಲೆ ನನ್ನ ಬಟ್ಟಲಿಗೆ ತನ್ನ ದಾಳಿಂಬೆ ಕಾಳುಗಳನ್ನೆಲ್ಲ ಹಾಕಿದಳು.

ಸಮುದ್ರದ ದಿನಕ್ಕೆ ಅಳಿಯ ರಜ ಹಾಕಿದ. ಒಂದು ರಾತ್ರಿ ಅಲ್ಲೇ ಹೋಟೆಲಿನಲ್ಲಿ ಉಳಿಯೋಣ, ಮಾವ ಸುಸ್ತಾಗುತ್ತಾರೆ ಎಂದು ಅವನು ಹೇಳಿ ನೋಡಿದ. ನನ್ನ ಹೆಂಡತಿ ಬಾಯಿ ತೆರೆಯುವ ಮೊದಲೇ ಮೊಮ್ಮಗಳು ಮೇಜಿನ ಮೇಲಿನ ನೀರಿನ ಲೋಟವನ್ನು ಮತ್ತೆ ಮೆಣಸಿನ ಡಬ್ಬಿಯ ಪಕ್ಕಕ್ಕೆ ಎಳೆದಿಟ್ಟಳು. ಬೆಳಿಗ್ಗೆಯ ವಿಮಾನಕ್ಕೆ ಹೊರಟೆವು. ಬಾಗಿಲಲ್ಲಿ ಈ ಸಲ ಯಾರೂ ಅವಳನ್ನು ಹೇಳು ಅನ್ನಲಿಲ್ಲ. ಅವಳೂ ಹೇಳಲಿಲ್ಲ.

ಕಾಫಿ ಕುಡಿದು ಲೋಟ ಕೊಡುವಷ್ಟರಲ್ಲಿ ಮೊಂಬಾಸ. ಬೆಳಿಗ್ಗೆ ಮನೆಯಲ್ಲಿ ನಡುಗುತ್ತಿದ್ದ ಮೈ ಇಲ್ಲಿ ಬೆವರುತ್ತದೆ. ರಸ್ತೆಯ ಉದ್ದಕ್ಕೂ ಬೇವಿನ ಮರಗಳು, ತೆಂಗಿನ ಮರಗಳು, ಎಳನೀರು ಕೆತ್ತುವವರು. ಇಷ್ಟೊಂದು ಪರಿಚಯದ ಮರಗಳನ್ನು ಒಟ್ಟಿಗೆ ಕಂಡು ನನಗೆ ಮಾತನಾಡಿಸಬೇಕೆನ್ನಿಸಿತು. ನಾನು ಅಲ್ಲಿಯವರೆಗೆ ಸಮುದ್ರ ನೋಡಿದ್ದು ಒಂದೇ ಸಲ, ಯಾತ್ರೆಯ ಬಸ್ಸಿನ ಕಿಟಕಿಯಿಂದ, ಅದೂ ಪಕ್ಕದವರ ತಲೆ ಅಡ್ಡ ಇತ್ತು. ಇಲ್ಲಿ ಮರಳು ಅಕ್ಕಿಹಿಟ್ಟಿನಷ್ಟು ನುಣುಪು. ಬೆರಳಲ್ಲಿ ಉಜ್ಜಿ ನೋಡಿದೆ. ಎರಡು ಸಲ ಬೀಸಿದ ಹಿಟ್ಟು. ದಡದ ಮೇಲೆ ಸಿಂಗಾರ ಮಾಡಿದ ಒಂದು ಒಂಟೆ ನಿಂತಿತ್ತು.

“ತಾತ, ಕ್ಯಾಮೆಲ್ ರಾಂಗ್ ಪ್ಲೇಸ್,” ಎಂದಳು ಮೊಮ್ಮಗಳು. ಅದು ನನಗೂ ಅರ್ಥವಾಯಿತು. ಮರುಭೂಮಿಯಲ್ಲಿ ಕಾಣದ ಒಂಟೆ ಕಡಲಿಗೆ ಬಂದಿದೆ.

ಅಳಿಯ ಬೇವಿನ ನೆರಳಲ್ಲಿ ಫೋನ್ ಹಿಡಿದು ಕುಳಿತ. ನಾನು ಪಂಚೆ ಎತ್ತಿ ಕಟ್ಟಿದೆ. ಅವಳು ನನ್ನ ಬೆರಳು ಹಿಡಿದಳು. ನೀರು ಬಂದು ಪಾದ ಮುಚ್ಚಿತು, ಕಾಲಡಿಯ ಮರಳನ್ನು ಎಳೆದುಕೊಂಡು ಹೋಯಿತು. ಇಬ್ಬರೂ ಒಂದು ಗೇಣು ಕೆಳಗಿಳಿದು ಒಬ್ಬರನ್ನೊಬ್ಬರು ಆತುಕೊಂಡೆವು. ಮತ್ತೆ ಬಂತು, ಮತ್ತೆ ಹೋಯಿತು. ಅವಳು ನಗುತ್ತಿದ್ದವಳು ನಿಲ್ಲಿಸಿ, ಹುಬ್ಬು ಗಂಟಿಕ್ಕಿ, ನೀರನ್ನೇ ನೋಡತೊಡಗಿದಳು. ಏನೋ ಒಂದು ಒಳಗೆ ನಡೆಯುತ್ತಿತ್ತು. ತುಟಿ ಅಲ್ಲಾಡುತ್ತಿತ್ತು.

“ತಾತ, ನೋಡಿ,” ಎಂದಳು. “ಸಮುದ್ರ ಬಂದ್ಹೋಗ್ತಾ ಇದೆ.”

ಒಂದಕ್ಷರ ತಪ್ಪಿಲ್ಲ. ಆ ದಿನ ಬಾಗಿಲಲ್ಲಿ ನಾವೆಲ್ಲ ನಕ್ಕು ಬೀಳಿಸಿದ ಮಾತನ್ನು ಇಷ್ಟು ದಿನ ಯಾವ ಜೇಬಿನಲ್ಲಿ ಇಟ್ಟುಕೊಂಡಿದ್ದಳೋ, ಎಷ್ಟು ಸಲ ತಿರುಗಿಸಿ ಮುರುಗಿಸಿ ನೋಡಿದ್ದಳೋ, ಅದು ಎಲ್ಲಿ ಕೂರುತ್ತದೋ ಆ ಜಾಗವನ್ನು ತಾನೇ ಹುಡುಕಿ ಇಟ್ಟಿದ್ದಳು.

“ಹೌದು ಕಣಮ್ಮ,” ಎಂದೆ. “ಸಮುದ್ರ ಬಂದ್ಹೋಗುತ್ತೆ.”

“ನಾವು?”

“ನಾವು ಬೆಳಿಗ್ಗೆ ಮನೆ ಬಿಟ್ವಿ. ರಾತ್ರಿ ಮನೆಗ್ ಹೋಗ್ತೀವಿ. ಅದು...”

“ಹೋಗ್ಬರೋದು,” ಎಂದಳು. ಆಮೇಲೆ ಬಾಯಿ ನಿಲ್ಲಲಿಲ್ಲ. ಒಂಟೆ ಬಂದ್ಹೋಯಿತು. ಏಡಿ ತೂತಿನಿಂದ ಹೋಗ್ಬಂತು. ಅಪ್ಪ ಎಳನೀರಿಗೆ ಹೋಗ್ಬಂದ. ದೋಣಿ ಬಂದ್ಹೋಗುತ್ತಾ, ಹೋಗ್ಬರುತ್ತಾ ಎಂದು ನನ್ನನ್ನು ಕೇಳಿದಳು. ದೋಣಿಯವನ ಮನೆ ಎಲ್ಲಿದೆಯೋ ಅದರ ಮೇಲೆ ಎಂದೆ. ಅಲ್ಲಿಂದ ಮಧ್ಯಾಹ್ನವೆಲ್ಲ ದಡದಲ್ಲಿ ಕಂಡವರ ಮನೆ ಯಾವ ಕಡೆ ಇರಬಹುದು ಅನ್ನುವುದೇ ನಮ್ಮ ಆಟ. ಅಳಿಯ ಫೋನ್ ಕೆಳಗಿಟ್ಟು ನಮ್ಮನ್ನೇ ನೋಡುತ್ತಿದ್ದ.

ರಾತ್ರಿ ಮನೆಗೆ ಬಂದು ಕಾಲು ತೊಳೆದು ಮಣೆಯ ಮೇಲೆ ಕುಳಿತಾಗ ಒಳಕೋಣೆಯ ಕಡೆಗೆ ಕೂಗಿ ಹೇಳಿದಳು: “ಅಮ್ಮಾ, ಹೋಗ್ಬಂದೆ.” ಒಳಗಿನಿಂದ ನಗು ಬರಲಿಲ್ಲ. ಮಗಳು, “ಬಾ ಬಂಗಾರಿ,” ಎಂದಳು.

ನಾವು ಹೊರಡುವ ದಿನ ಬಂತು. ಪೆಟ್ಟಿಗೆಗಳು ಬಾಗಿಲಲ್ಲಿ, ನನ್ನ ಹೆಂಡತಿ ಮಗಳಿಗೆ ಕುಂ‌ಕುಮ ಇಡುತ್ತ ಹತ್ತನೇ ಸಲ ಅದೇ ಪಥ್ಯ ಹೇಳುತ್ತಿದ್ದಳು. ಮೊಮ್ಮಗನ ಪಾದ ಕಣ್ಣಿಗೊತ್ತಿಕೊಂಡು ನಾನು ಮೊಮ್ಮಗಳ ಮುಂದೆ ಬಗ್ಗಿ, “ಹೋಗ್ಬರ್ತೀನಿ ಪುಟ್ಟಿ,” ಎಂದೆ. ಹಾಗೆಯೇ ತಾನೆ ಹೇಳುವುದು.

ಅವಳು ನನ್ನನ್ನು ನೆಟ್ಟಗೆ ನೋಡಿದಳು. “ರಾತ್ರಿ ಊಟಕ್ಕೆ ಬರ್ತೀರಾ?”

“ಇಲ್ಲಮ್ಮ.”

“ನಿಮ್ಮನೆ ಅಲ್ಲಿದೆ.”

“ಹೌದು.”

“ಹಾಗಾದ್ರೆ ನೀವು ಹೋಗ್ಬರ್ತಾ ಇಲ್ಲ ತಾತ,” ಎಂದಳು. “ನೀವು ಬಂದ್ಹೋಗ್ತಾ ಇದೀರಿ.”

ಯಾರೂ ನಗಲಿಲ್ಲ. ನಗುವಂಥ ತಪ್ಪು ಅದರಲ್ಲಿ ಇರಲಿಲ್ಲ. ಡ್ರೈವರ್ ಪೆಟ್ಟಿಗೆ ಎತ್ತಿಕೊಂಡ. ಅವಳು ನಮ್ಮ ಜೊತೆ ಕೆಳಗಿನವರೆಗೆ ಇಳಿದು ಬಂದು, ಕಾರಿನ ಕಿಟಕಿಯೊಳಗೆ ಕೈ ಹಾಕಿ ಅಜ್ಜಿಯ ಮಡಿಲಿಗೆ ಒಂದು ಟೊಮೆಟೊ ಇಟ್ಟಳು. ವಿಮಾನ ನಿಲ್ದಾಣದವರೆಗೂ ನನ್ನ ಹೆಂಡತಿ ಅದನ್ನು ಎರಡು ಕೈಯಲ್ಲಿ ಹಿಡಿದು ಕುಳಿತಿದ್ದಳು.

ಮೊನ್ನೆ ಭಾನುವಾರ ಫೋನ್ ಬಂತು. ಮಗಳು ಮಾತಾಡುವ ಮೊದಲೇ ಇವಳು ಕಿತ್ತುಕೊಂಡಿದ್ದಾಳೆ.

“ತಾತ, ದೊಡ್ಡ ರಜಕ್ಕೆ ಬಂದ್ಹೋಗ್ತೀನಿ.”

ಹಿಂದಿನಿಂದ ಮಗಳ ದನಿ, “ಹಾಗಲ್ವೇ, ಹೋಗ್ಬ...” ಎಂದು ಶುರುವಾಗಿ ಅರ್ಧಕ್ಕೆ ನಿಂತಿತು. ನಮ್ಮ ಮನೆಗೆ ಬರುವವಳು ನಮಗೆ ಇನ್ನು ಹೇಗೆ ಹೇಳಬೇಕು. ಬಾಗಿಲಲ್ಲಿ ಮೊದಲ ದಿನ ಹೇಳಿದ ಅದೇ ಮಾತು, ಅಕ್ಷರ ಕೂಡ ಬದಲಾಗಿಲ್ಲ, ಈಗ ಎಷ್ಟು ಸರಿಯಾಗಿತ್ತು.

“ಬಾರಮ್ಮ,” ಎಂದೆ. “ಬೆಳಿಗ್ಗೆ ಬಂದು ರಾತ್ರಿ ಹೋಗ್ತೀಯೋ ಹೇಗೆ?”

“ಇಲ್ಲ ತಾತ. ಅಲ್ಲಿ ತುಂಬಾ ರಾತ್ರಿ ಇರ್ತೀನಿ.”

ಅಂದಿನಿಂದ ನನಗೆ ಪುರುಸೊತ್ತಿಲ್ಲ. ಊಟದ ಮೇಜಿನ ಮೇಲೆ ನಮ್ಮೂರನ್ನು ಹರವಿಕೊಂಡು ಕುಳಿತಿದ್ದೇನೆ. ಮೆಣಸಿನ ಡಬ್ಬಿ ನಮ್ಮ ಮನೆ. ನಿಂಬೆಹಣ್ಣು ಚಾಮುಂಡಿ ಬೆಟ್ಟ, ಬೆಳಿಗ್ಗೆ ಹೋಗಿ ಮಧ್ಯಾಹ್ನದ ಊಟಕ್ಕೇ ಬರಬಹುದು, ಮೋಡದ ಕಾಟವೂ ಇಲ್ಲ. ಮರುಭೂಮಿಗೆ ತಲಕಾಡಿನ ಮರಳು ಸಾಕು, ಅದಕ್ಕೆ ಉಪ್ಪಿನ ಬಟ್ಟಲು ಇಟ್ಟಿದ್ದೇನೆ. ಸಮುದ್ರದ ಲೋಟವನ್ನು ಎಷ್ಟು ಹತ್ತಿರ ಎಳೆದರೂ ಘಟ್ಟ ಅಡ್ಡ ಬರುತ್ತದೆ, ಅಲ್ಲಿ ಒಂದು ರಾತ್ರಿ ಉಳಿಯಲೇಬೇಕು. ಉಳಿಯೋಣ. ಈಗ ಮನೆಯಲ್ಲಿ ಬಾಣಂತಿ ಇಲ್ಲವಲ್ಲ.

“ರೀ,” ಎಂದಳು ನನ್ನ ಹೆಂಡತಿ ಒಲೆಯ ಮುಂದಿನಿಂದ. “ಸಾರು ಕುದೀತಾ ಇದೆ. ನಿಮ್ಮ ತಲಕಾಡು ಸ್ವಲ್ಪ ಈಚೆ ಕೊಡಿ.”